ಪಕ್ಕದ ಶಾಲೆಯ ಹಾಜರಿ ಪುಸ್ತಕ

ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ನಮ್ಮ ಚರ್ಚ್ ತಂಡ ಐದು ದಿನದ ಕಾರ್ಯಕ್ರಮಕ್ಕೆ ಹೋಗಿದ್ದ ಶಾಲೆಯ ಅಂಗಳಕ್ಕೆ ಒಂದು ಬೋಡಾ ಬೋಡಾ ಬಂದು ನಿಂತಿತು. ಪಶ್ಚಿಮ ಕೀನ್ಯಾದ ಬುಸಿಯಾ ಕಡೆ ಬಾಡಿಗೆ ಬೈಕಿಗೆ ಹಾಗನ್ನುತ್ತಾರೆ. ಆ ಹೆಸರು ಹುಟ್ಟಿದ್ದೂ ಅಲ್ಲೇ. ಉಗಾಂಡದ ಗಡಿ ಗೇಟಿನಿಂದ ಈ ಕಡೆಯ ಗೇಟಿಗೆ ಜನರನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬರುತ್ತಿದ್ದವರು 'ಬಾರ್ಡರ್ ಬಾರ್ಡರ್' ಅಂತ ಕೂಗಿ ಕೂಗಿ ಅದು ಬೋಡಾ ಬೋಡಾ ಆಯಿತು.

ಬೈಕಿನ ಹಿಂದೆ ಕೂತಿದ್ದವರು ಪಕ್ಕದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್. ಇಸ್ತ್ರಿ ಮಾಡಿದ ಕೋಟು, ಕಂಕುಳಲ್ಲಿ ಒಂದು ಹಾಜರಿ ಪುಸ್ತಕ. ನಮ್ಮನ್ನು ನೋಡಿ ನಕ್ಕರು. ಹನ್ನೆರಡು ಜನರ ಕೈಯನ್ನೂ ಒಬ್ಬೊಬ್ಬರದಾಗಿ ಕುಲುಕಿದರು. ಆಮೇಲೆ ಸೀದಾ ಹೆಡ್‌ಮೇಡಂ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾವು ಅಂಗಳದಲ್ಲಿ ಬಲೂನು ಊದುತ್ತಾ ನಿಂತಿದ್ದೆವು.

ಸ್ವಲ್ಪ ಹೊತ್ತಾದ ಮೇಲೆ ನಮ್ಮ ಟೀಮ್ ಲೀಡರ್‌ಗೆ ಕರೆ ಬಂತು. ಲೆಕ್ಕ ಬರೆಯುವವನು ಅಂತ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಮೇಜಿನ ಮೇಲೆ ಆ ಪುಸ್ತಕ ಬಿಚ್ಚಿಟ್ಟಿತ್ತು. ಸೋಮವಾರದ ಕಾಲಂ ಚೆನ್ನಾಗಿಯೇ ಇತ್ತು. ಮಂಗಳವಾರ ಅಲ್ಲಲ್ಲಿ ಗೈರುಹಾಜರಿಯ ಕೆಂಪು ಗುರುತು. ಬುಧವಾರ ಮೇಲಿಂದ ಕೆಳಗೆ ಬರೀ ಕೆಂಪು.

"ನನ್ನ ನಾಲ್ಕನೇ ಕ್ಲಾಸಿನ ಅರ್ಧ ಮಕ್ಕಳು ನಿಮ್ಮ ಗೇಟಿನ ಹತ್ತಿರ ನಿಂತಿದ್ದಾರೆ" ಅಂದರು ಅವರು. ಸಿಟ್ಟಿನಿಂದಲ್ಲ. ಮಳೆ ಬರುತ್ತಿದೆ ಅಂತ ಹೇಳುವಷ್ಟೇ ಸಹಜವಾಗಿ.

ನಮ್ಮ ಕಾರ್ಯಕ್ರಮದಿಂದ ಒಂದು ಶಾಲೆಯ ಹಾಜರಿ ಜಾಸ್ತಿಯಾಗಿತ್ತು. ಮಂಗಳವಾರ ರಾತ್ರಿಯ ಪ್ರಾರ್ಥನೆಯಲ್ಲಿ ಅದಕ್ಕಾಗಿ ಸ್ತೋತ್ರವನ್ನೂ ಹೇಳಿದ್ದೆವು. ಆ ಮಕ್ಕಳು ಎಲ್ಲಿಂದ ಬಂದರು ಅಂತ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ನಾವು ಅಮೆರಿಕದ ಒಂದು ಚರ್ಚಿನವರು. ದೊಡ್ಡ ಸಭೆ ಏನಲ್ಲ. ಜುಲೈನಲ್ಲಿ ಹತ್ತು ದಿನದ ಪ್ರವಾಸ, ಅದರಲ್ಲಿ ಐದು ದಿನ ಶಾಲೆಯಲ್ಲಿ. ತಂಡದಲ್ಲಿ ಕಾಲೇಜು ಹುಡುಗ ಹುಡುಗಿಯರು ಆರು ಜನ, ನಿವೃತ್ತ ಟೀಚರ್‌ಗಳು ಇಬ್ಬರು, ಒಬ್ಬ ನರ್ಸ್, ನಮ್ಮ ಯೂತ್ ಪಾಸ್ಟರ್, ಟೀಮ್ ಲೀಡರ್, ಮತ್ತೆ ನಾನು. ಬುಸಿಯಾ ಕೌಂಟಿಯ ಒಬ್ಬ ಪಾಸ್ಟರ್ ನಮ್ಮ ಸಭೆಗೆ ಹಳೆಯ ಪರಿಚಯ. ಜಾಗ ಆಯ್ಕೆಯಾದದ್ದು ಅಷ್ಟರಿಂದಲೇ.

ಇಲ್ಲೊಂದು ಮಾತು. ಕೀನ್ಯಾ ಸುವಾರ್ತೆ ಕೇಳದ ದೇಶವಲ್ಲ. ಯೋಹಾನ್ ಕ್ರಾಫ್ ಅನ್ನುವ ಮಿಷನರಿ ಮೊಂಬಾಸಾಕ್ಕೆ ಬಂದದ್ದು 1844ರಲ್ಲಿ. 2019ರ ಜನಗಣತಿಯ ಪ್ರಕಾರ ಅಲ್ಲಿನ ಸುಮಾರು 85% ಜನ ಕ್ರೈಸ್ತರು. ನಾವು ಹೋದ ಮೊದಲ ಭಾನುವಾರ ಅಲ್ಲಿನ ಸಭೆಯ ಗಾಯನ ತಂಡ ಹಾಡಿದ ಮೇಲೆ ನಮ್ಮ ಹುಡುಗ ಗಿಟಾರ್ ಎತ್ತಿಕೊಳ್ಳೋಕೆ ನಾಚಿಕೊಂಡ. ಮಿಷನ್ ಟ್ರಿಪ್ ಅಂದರೆ ನಾವು ಹೋಗಿ ಕಲಿಸುವುದು ಅಂತ ಅಂದುಕೊಂಡಿದ್ದವರಿಗೆ ಅದೇ ಮೊದಲ ಪೆಟ್ಟು.

ತಯಾರಿ ಆರು ತಿಂಗಳು ನಡೆದಿತ್ತು. ಪ್ರತಿ ಎರಡು ವಾರಕ್ಕೊಂದು ವೀಡಿಯೊ ಕಾಲ್. ಆ ಕಡೆಯಿಂದ ಪಾಸ್ಟರ್ ಕೂರುತ್ತಿದ್ದರು. ಐದು ದಿನ ಬೆಳಿಗ್ಗೆ ವಿ.ಬಿ.ಎಸ್., ಅಂದರೆ ಮಕ್ಕಳಿಗೆ ಹಾಡು, ಆಟ, ಬೈಬಲ್ ಕಥೆಯ ಶಿಬಿರ, ಮಾಡಬಹುದಾ? ಕರಿಬು, ಬನ್ನಿ. ಮಕ್ಕಳಿಗೆ ಕಿಟ್ ತರಬಹುದಾ? ಬನ್ನಿ. ಹೊಟ್ಟೆಹುಳುವಿನ ಮಾತ್ರೆ? ಬನ್ನಿ. ಹಳೆ ಕನ್ನಡಕ? ಅದಕ್ಕೂ ಬನ್ನಿ. ಆ ಮನುಷ್ಯ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ದೂರದಿಂದ ಉಡುಗೊರೆ ತರುತ್ತೇವೆ ಅನ್ನುವವರಿಗೆ 'ಬೇಡ' ಅಂತ ಹೇಳೋದು ಯಾರಿಗೆ ಸುಲಭ? ಶಾಲೆಯ ಹೆಡ್‌ಮೇಡಂ ಒಂದೇ ಒಂದು ಕಾಲ್‌ನಲ್ಲೂ ಇರಲಿಲ್ಲ. ನಾವು ಕರೆದೂ ಇರಲಿಲ್ಲ. ಈ ಪ್ರಕರಣದ ಮೂಲ ತಪ್ಪು ಅದೇ ಅಂತ ನನ್ನ ಅನಿಸಿಕೆ. ಉಳಿದವೆಲ್ಲ ಅದರ ಮರಿಗಳು.

ಮೊದಲ ಮರಿ ಹೊರಡುವ ಮುಂಚೆಯೇ ಹುಟ್ಟಿತು. ಐನೂರು ಕಿಟ್‌ಗಳನ್ನು ನಾವು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿದ್ದೆವು. ಪೆನ್ಸಿಲ್, ರಬ್ಬರ್, ಕ್ರೇಯಾನ್, ಒಂದು ನೋಟ್‌ಬುಕ್, ಬೈಬಲ್ ವಾಕ್ಯದ ಒಂದು ಕಾರ್ಡು. ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿದೆ. ದಂಡ, ಜೈಲು ಎರಡೂ ಉಂಟು. ಹೊರಡೋಕೆ ಮೂರು ದಿನ ಇರುವಾಗ ಯಾರೋ ವಿಮಾನ ಕಂಪನಿಯ ಸೂಚನೆ ಓದಿ ಹೇಳಿದರು. ಐನೂರು ಚೀಲ ಬಿಚ್ಚಿ ಕಾಗದದ ಕವರಿಗೆ ತುಂಬಿಸಲು ಎರಡು ರಾತ್ರಿ ಹಿಡಿಯಿತು.

ಎರಡನೆಯದು ಮಾತ್ರೆ. ನಮ್ಮ ನರ್ಸ್ ಆಲ್ಬೆಂಡಜೋಲ್ ಹಿಡಿದುಕೊಂಡು ಬಂದಿದ್ದರು, 400 ಮಿಲಿಗ್ರಾಂನದು, ಒಂದೇ ಡೋಸ್. ಹೆಡ್‌ಮೇಡಂ ಬೀರುವಿನಿಂದ ಒಂದು ರಿಜಿಸ್ಟರ್ ತೆಗೆದು ತೋರಿಸಿದರು. ಸರ್ಕಾರದ ಶಾಲಾ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಆ ಮಾತ್ರೆ ಆಗಲೇ ಕೊಟ್ಟಾಗಿತ್ತು. ಪ್ರತಿ ಹೆಸರಿನ ಮುಂದೆ ಗುರುತು. ಟೀಚರ್‌ಗಳೇ ತರಬೇತಿ ಪಡೆದು, ಅವರೇ ನುಂಗಿಸಿ, ಅವರೇ ಬರೆದದ್ದು. ನಮ್ಮ ನರ್ಸ್ ರಿಜಿಸ್ಟರ್ ನೋಡಿ, "ನಮ್ಮ ಕ್ಲಿನಿಕ್ಕಿನ ದಾಖಲೆಗಿಂತ ನೀಟಾಗಿದೆ" ಅಂದರು. ಮಾತ್ರೆಯ ಡಬ್ಬ ಮುಚ್ಚಿಟ್ಟರು. ಅವರ ಈ ಗುಣ ನನಗೆ ಇಷ್ಟ. ತಂದದ್ದನ್ನು ಹೇಗಾದರೂ ಹಂಚಿಯೇ ಹೋಗಬೇಕು ಅನ್ನುವ ಹಟ ಅವರಿಗಿರಲಿಲ್ಲ.

ಕನ್ನಡಕದ ಪೆಟ್ಟಿಗೆಯ ಕಥೆ ಇನ್ನೂ ಚಿಕ್ಕದು. ದಾನವಾಗಿ ಬಂದ ಹಳೆ ಕನ್ನಡಕಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2012ರಲ್ಲಿ ಬಂದಿತ್ತು. ಅದರಲ್ಲಿ ಉಪಯೋಗಕ್ಕೆ ಬರುವಂಥವು 7% ಮಾತ್ರ. ಮಕ್ಕಳಿಗಂತೂ ಕಣ್ಣು ಅಳೆದು ಅವರ ನಂಬರಿಗೆ ತಕ್ಕ ಕನ್ನಡಕವನ್ನೇ ಕೊಡಬೇಕು. ಪೆಟ್ಟಿಗೆ ಹೋದ ದಾರಿಯಲ್ಲೇ ವಾಪಸ್ ಬಂತು.

ಸೋಮವಾರ ಬೆಳಿಗ್ಗೆ ಅಸೆಂಬ್ಲಿ. ಬಾವುಟ ಏರಿತು, ರಾಷ್ಟ್ರಗೀತೆ ಆಯಿತು. ಆಮೇಲೆ ನಾವು. ಆ್ಯಕ್ಷನ್ ಸಾಂಗ್, ಬೊಂಬೆಯಾಟ, ನೋಹನ ನಾವೆಯ ಕಥೆ. ಕೊನೆಗೆ ಮೊದಲ ಎರಡು ಕ್ಲಾಸಿನವರಿಗೆ ಕಿಟ್. ಎಲ್ಲರಿಗೂ ಬಿಸ್ಕತ್ತು. ಮಕ್ಕಳು ಕುಣಿದರು, ನಾವೂ ಕುಣಿದೆವು. ಮುಗಿದಾಗ ಬೆಳಗಿನ ಪಾಠಗಳೆಲ್ಲ ಹೋಗಿದ್ದವು.

ಮಂಗಳವಾರ ಬಲೂನು. ಆರೇಳು ನೂರು ಮಕ್ಕಳ ನಡುವೆ ಇನ್ನೂರು ಬಲೂನು ಬಿಟ್ಟರೆ ಏನಾಗಬೇಕೋ ಅದೇ ಆಯಿತು. ದೊಡ್ಡವರ ಕೈಗೆ ಸಿಕ್ಕವು, ಚಿಕ್ಕವರದು ಒಡೆದವು. ಒಂದನೇ ಕ್ಲಾಸಿನ ಒಂದು ಮಗು ಒಡೆದ ರಬ್ಬರ್ ಚೂರು ಬಾಯಿಗೆ ಹಾಕಿಕೊಂಡಿತ್ತು. ಒಬ್ಬ ಮೇಷ್ಟ್ರು ಓಡಿ ಬಂದು ಬೆರಳು ಹಾಕಿ ತೆಗೆದರು. ನಮ್ಮ ಯೂತ್ ಪಾಸ್ಟರ್ ಅಷ್ಟರಲ್ಲಿ ಫೋಟೊ ತೆಗೆಯುತ್ತಿದ್ದರು. ಹೆಡ್‌ಮೇಡಂ ಅವತ್ತು ಬಲೂನಿನ ಬಗ್ಗೆ ಏನೂ ಹೇಳಲಿಲ್ಲ. ಫೋಟೊ ಬಗ್ಗೆ ಹೇಳಿದರು. 2019ರ ದತ್ತಾಂಶ ರಕ್ಷಣೆ ಕಾಯ್ದೆ ಪ್ರಕಾರ ಮಕ್ಕಳ ಫೋಟೊ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. 2023ರಲ್ಲಿ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೊ ಹಾಕಿದ ಅಲ್ಲಿನ ಒಂದು ಶಾಲೆಗೇ 45 ಲಕ್ಷ ಶಿಲ್ಲಿಂಗ್‌ಗೂ ಜಾಸ್ತಿ ದಂಡ ಬಿದ್ದಿತ್ತು. "ನಿಮ್ಮ ಚರ್ಚಿನಲ್ಲಿ ಮಕ್ಕಳ ಫೋಟೊ ಹಾಕುವ ಮುಂಚೆ ಫಾರ್ಮ್ ತುಂಬಿಸಿಕೊಳ್ಳುತ್ತೀರಾ?" ಅಂತ ಕೇಳಿದರು. ತುಂಬಿಸಿಕೊಳ್ಳುತ್ತೇವೆ. ಸಂಡೇ ಸ್ಕೂಲಿಗೆ ಸೇರಿಸುವಾಗಲೇ ಸಹಿ ಹಾಕಿಸುತ್ತೇವೆ. ಅದೇ ನಿಯಮ ಸಮುದ್ರ ದಾಟಿದ ಕೂಡಲೇ ನಮಗೆ ಮರೆತದ್ದು ಹೇಗೆ ಅನ್ನೋದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮತ್ತೆ ಬುಧವಾರ, ಆ ಕೋಣೆ, ಆ ಪುಸ್ತಕ.

ಟೀಮ್ ಲೀಡರ್ ಮೊದಲು ಹೇಳಿದ ಮಾತು, "ಹಾಗಾದರೆ ಅವರ ಶಾಲೆಗೂ ನಾಳೆ ಹೋಗೋಣ." ಕೈಯಲ್ಲಿರೋದು ಸುತ್ತಿಗೆ ಒಂದೇ ಆದರೆ ಎಲ್ಲವೂ ಮೊಳೆಯಾಗಿಯೇ ಕಾಣುತ್ತೆ. ಆ ಹೆಡ್‌ಮಾಸ್ಟರ್ ತಲೆ ಅಲ್ಲಾಡಿಸಿದರು. ಅವರ ಶಾಲೆಗೆ ಹೋದರೆ ಅದರ ಪಕ್ಕದ ಶಾಲೆ ಖಾಲಿಯಾಗುತ್ತೆ. ಹೆಡ್‌ಮೇಡಂ ನಕ್ಕು ಒಂದು ಸ್ವಾಹಿಲಿ ಗಾದೆ ಹೇಳಿದರು. "ಮ್ಗೆನಿ ಸಿಕು ಮ್ಬಿಲಿ, ಯಾ ತಾತು ಮ್ಪೆ ಜೆಂಬೆ." ಎರಡು ದಿನ ಅತಿಥಿ, ಮೂರನೇ ದಿನ ಕೈಗೆ ಗುದ್ದಲಿ ಕೊಡು. "ಇವತ್ತು ಮೂರನೇ ದಿನ" ಅಂದರು.

ಗೋಡೆಯ ಮೇಲೆ ಅಂಟಿಸಿದ್ದ ಟೈಮ್‌ಟೇಬಲ್ ಬಿಚ್ಚಿ ಮೇಜಿನ ಮೇಲಿಟ್ಟು ಪೆನ್ಸಿಲ್ ಹಿಡಿದರು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕ್ರೈಸ್ತ ಶಿಕ್ಷಣ ಹೇಗೂ ಒಂದು ವಿಷಯ. ಅದರ ಜೊತೆ ವಾರಕ್ಕೊಂದು ಪೀರಿಯಡ್ ಪಾಸ್ಟರ್‌ಗಳಿಗೆ, ಧರ್ಮದ ಪಾಠಕ್ಕೆ ಅಂತ ಮೀಸಲು. ಆ ಶಾಲೆಯಲ್ಲಿ ಅದು ಶುಕ್ರವಾರ. "ಇದು ನಿಮ್ಮದು" ಅಂತ ಆ ಒಂದು ಚೌಕಕ್ಕೆ ಗೆರೆ ಎಳೆದರು. ನಾವು ಐದು ಬೆಳಗು ಅಂದುಕೊಂಡು ಬಂದವರು. ನಮಗೆ ಸಿಕ್ಕಿದ್ದು ಒಂದು ಪೀರಿಯಡ್. ಹಾಡು, ಬೊಂಬೆಯಾಟ ಎಲ್ಲ ಪಾಠ ಮುಗಿದ ಮೇಲೆ, ಆಟದ ಹೊತ್ತಿಗೆ. ಬಿಸ್ಕತ್ತು ಇಲ್ಲ, ಬಲೂನು ಇಲ್ಲ. ಉಳಿದ ಕಿಟ್‌ಗಳು ಉಗ್ರಾಣಕ್ಕೆ. ಆಗಸ್ಟ್ ರಜೆ ಮುಗಿದು ಮೂರನೇ ಟರ್ಮ್ ಶುರುವಾದ ಮೇಲೆ ಅವರದೂ ಸೇರಿ ಅಕ್ಕಪಕ್ಕದ ಮೂರು ಶಾಲೆಗೂ ಲೆಕ್ಕ ಹಾಕಿ ಅವರೇ ಹಂಚುತ್ತಾರೆ, ಒಂದೇ ದಿನ, ಯಾವ ಅತಿಥಿಯೂ ಇಲ್ಲದೆ.

ನಮ್ಮ ಹುಡುಗರಲ್ಲಿ ಇಬ್ಬರು ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಒಬ್ಬಳು ಅತ್ತಳು. ಕಿಟ್ ಕೊಡುವಾಗ ಮಕ್ಕಳ ಮುಖ ನೋಡಬೇಕು ಅಂತ ಅವಳು ಎರಡು ವರ್ಷ ದುಡ್ಡು ಕೂಡಿಸಿದ್ದಳು. ಅವಳನ್ನು ನಾನು ಹಂಗಿಸಲಾರೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಎರಡು ಕೈಗೂ ಗೊತ್ತಾಗಲಿ ಅಂತಲೇ ಟಿಕೆಟ್ ತೆಗೆದಿದ್ದೆವು, ಅಲ್ವಾ?

ಪಕ್ಕದ ಶಾಲೆಯ ವಿಷಯಕ್ಕೆ ಬುಸಿಯಾದಷ್ಟು ಹೆಸರಾದ ಜಾಗ ಇನ್ನೊಂದಿಲ್ಲ ಅನ್ನೋದು ನನಗೆ ಗೊತ್ತಾದದ್ದು ವಾಪಸ್ ಬಂದ ಮೇಲೆ. ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ಅನ್ನುವ ಅರ್ಥಶಾಸ್ತ್ರಜ್ಞರು 1998ರಿಂದ ಅಲ್ಲಿನ 75 ಶಾಲೆಗಳಲ್ಲಿ ಹುಳುವಿನ ಮಾತ್ರೆಯ ಪರಿಣಾಮ ಅಳೆದಿದ್ದರು. ಶಾಲೆಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ವರ್ಷ ಮಾತ್ರೆ ಶುರು ಮಾಡಿದರು. ಮಾತ್ರೆ ಸಿಕ್ಕ ಶಾಲೆಗಳಲ್ಲಿ ಗೈರುಹಾಜರಿ ಕಾಲು ಭಾಗ ಇಳಿಯಿತು ಅಂತ 2004ರಲ್ಲಿ ಬರೆದರು. ಜೊತೆಗೆ ಇನ್ನೊಂದು ಮಾತು: ಹುಳು ಹರಡೋದು ಕಡಿಮೆಯಾದ್ದರಿಂದ ಮಾತ್ರೆ ತಗೊಳ್ಳದ ಮಕ್ಕಳಿಗೂ, ಅಕ್ಕಪಕ್ಕದ ಶಾಲೆಗಳಿಗೂ ಲಾಭವಾಯಿತು. 2015ರಲ್ಲಿ ಆ ಲೆಕ್ಕ ಮತ್ತೆ ಮಾಡಿದವರು ತಪ್ಪುಗಳನ್ನು ಹುಡುಕಿದರು, ಅದರಲ್ಲೂ ದೂರದ ಶಾಲೆಗಳ ಲಾಭದ ವಿಷಯದಲ್ಲಿ. ದೊಡ್ಡ ಜಗಳವೇ ಆಯಿತು. ಕ್ರೆಮರ್‌ಗೆ 2019ರಲ್ಲಿ ನೊಬೆಲ್ ಬಂತು. ಜಗಳ ಏನೇ ಇರಲಿ, ಒಂದು ಶಾಲೆಗೆ ಏನಾದರೂ ಕೊಟ್ಟರೆ ಪಕ್ಕದ ಶಾಲೆಯಲ್ಲಿ ಏನಾಯಿತು ಅಂತ ಅವರು ಹೋಗಿ ನೋಡಿದ್ದರು. ನಮಗೆ ಪಕ್ಕದ ಶಾಲೆಯೇ ಬಂದು ತೋರಿಸಬೇಕಾಯಿತು.

ಗುರುವಾರ ನಮ್ಮ ಕೈಗೆ ಬಂದ ಗುದ್ದಲಿ ಏನು ಅಂದರೆ, ಹುಡುಗರಿಗೆ ಉಗ್ರಾಣ. ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕೋದು, ನಂಬರ್ ಬರೆಯೋದು, ಹರಿದದ್ದನ್ನು ಅಂಟಿಸೋದು. ಸರ್ಕಾರ 2015ರಲ್ಲಿ 'ತುಸೋಮೆ' ಅಂತ ಓದಿನ ಕಾರ್ಯಕ್ರಮ ಶುರು ಮಾಡಿತ್ತು. 'ಓದೋಣ' ಅಂತ ಅರ್ಥ. ಚಿಕ್ಕ ಕ್ಲಾಸಿನ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ, ಇಂಗ್ಲಿಷ್‌ನಲ್ಲೂ ಕಿಸ್ವಾಹಿಲಿಯಲ್ಲೂ. ಆ ಪುಸ್ತಕಗಳ ಮೂಲೆಗಳು ಕೈಯಾಡಿ ಆಡಿ ದುಂಡಗಾಗಿದ್ದವು. ಧೂಳಿನಲ್ಲಿ ಕೂತು ಸುಮ್ನೆ ಅಂಟಿಸೋ ಕೆಲಸ. ಫೋಟೊ ತೆಗೆಯುವಂಥದ್ದು ಏನೂ ಇಲ್ಲ.

ನಮ್ಮ ನಿವೃತ್ತ ಟೀಚರ್‌ಗಳಿಬ್ಬರು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತರು. ನಾನೂ ಒಂದು ಗಂಟೆ ಕೂತಿದ್ದೆ. ನಾಲ್ಕನೇ ಕ್ಲಾಸು. ನಾವು ತಂದ ಇಂಗ್ಲಿಷ್ ಕಥೆ ಪುಸ್ತಕವೊಂದನ್ನು ಟೀಚರ್ ಒಬ್ಬ ಹುಡುಗಿಯ ಕೈಗೆ ಕೊಟ್ಟರು. ಹಸಿರು ಸ್ವೆಟರು, ಮೊಣಕೈ ಹತ್ತಿರ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು. ಹುಡುಗಿ ಎದ್ದು ನಿಂತು ಎರಡು ಪುಟ ಗಳಗಳ ಓದಿದಳು, ಒಂದೂ ತಪ್ಪಿಲ್ಲದೆ. ನಮ್ಮ ಟೀಚರ್ ಚಪ್ಪಾಳೆ ತಟ್ಟಿದರು. ಅಲ್ಲಿನ ಟೀಚರ್ ತಟ್ಟಲಿಲ್ಲ. ಕಿಸ್ವಾಹಿಲಿಯಲ್ಲಿ ಮೆಲ್ಲಗೆ ಕೇಳಿದರು, "ಕಥೆಯಲ್ಲಿ ಏನಾಯಿತು?" ಹುಡುಗಿ ಪುಸ್ತಕ ನೋಡಿದಳು. ಟೀಚರ್ ಮುಖ ನೋಡಿದಳು. ಕೂತುಕೊಂಡಳು.

ಆ ಮಕ್ಕಳಿಗೆ ಮನೆಯಲ್ಲಿ ಲುಹ್ಯಾ ಅಥವಾ ತೇಸೋ, ಬೀದಿಯಲ್ಲಿ ಕಿಸ್ವಾಹಿಲಿ, ಮೂರನೆಯದು ಇಂಗ್ಲಿಷ್. ಇದೇ ಬುಸಿಯಾ, ತೇಸೋ ಕಡೆ ಪಠ್ಯಪುಸ್ತಕ ಹಂಚಿ ನೋಡಿದ ಇನ್ನೊಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದರಲ್ಲೂ ಕ್ರೆಮರ್ ಇದ್ದರು. ಪುಸ್ತಕ ಕೊಟ್ಟದ್ದರಿಂದ ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳು ಮಾತ್ರ ಇನ್ನಷ್ಟು ಮುಂದೆ ಹೋದರು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಉಳಿದವರಿಗೆ ಅದು ಅರ್ಥವಾಗುತ್ತಲೇ ಇರಲಿಲ್ಲ. ಆ ಟೀಚರ್‌ಗೆ ಈ ಅಧ್ಯಯನ ಬೇಕಾಗಿರಲಿಲ್ಲ, ದಿನಾ ಕಣ್ಣೆದುರಿಗೇ ಇತ್ತು. ಆಮೇಲೆ ಅವರು ಅದೇ ಎರಡು ಪುಟವನ್ನು ಕಿಸ್ವಾಹಿಲಿಯಲ್ಲಿ ಹೇಳಿದರು. ಮಕ್ಕಳ ಹತ್ತಿರ ಹೇಳಿಸಿದರು. ಮತ್ತೆ ಇಂಗ್ಲಿಷಿಗೆ ಬಂದರು. ಮೂವತ್ತೈದು ನಿಮಿಷಕ್ಕೆ ಎರಡು ಪುಟ. ನಾವು ತಂದದ್ದು ನಾಲ್ಕು ಪೆಟ್ಟಿಗೆ.

ಶುಕ್ರವಾರದ ಪೀರಿಯಡ್ ಚೆನ್ನಾಗಿ ಆಯಿತು. ಅಲ್ಲಿನ ಪಾಸ್ಟರ್ ಕಥೆ ಹೇಳಿದರು, ಕಿಸ್ವಾಹಿಲಿಯಲ್ಲಿ. ನಾವು ಹಿಂದೆ ನಿಂತು ಬೊಂಬೆ ಕುಣಿಸಿದೆವು. ಹಾಗೆ ನೋಡಿದರೆ ಐದು ದಿನದಲ್ಲಿ ಮಕ್ಕಳಿಗೆ ಪೂರ್ತಿ ಅರ್ಥವಾದ ಕಾರ್ಯಕ್ರಮ ಅದೊಂದೇ.

ಇನ್ನು ದುಡ್ಡು, ಅದರ ಲೆಕ್ಕ ನನ್ನ ಕೆಲಸ. ಪ್ರತಿ ನೂರು ಡಾಲರ್‌ನಲ್ಲಿ ಎಂಬತ್ತಕ್ಕೂ ಜಾಸ್ತಿ ವಿಮಾನ, ಗೆಸ್ಟ್‌ಹೌಸ್, ವ್ಯಾನು, ಮಲೇರಿಯಾ ಮಾತ್ರೆ, ಇನ್ಶೂರೆನ್ಸಿಗೆ ಹೋಗಿತ್ತು. ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಚರ್ಚ್ ತಂಡಗಳು ಹೋಗಿ ಮನೆ ಕಟ್ಟಿಕೊಟ್ಟವು. ಕರ್ಟ್ ವರ್ ಬೀಕ್ ಅನ್ನುವ ಸಮಾಜಶಾಸ್ತ್ರಜ್ಞ ಅದನ್ನು ಅಧ್ಯಯನ ಮಾಡಿ 2006ರಲ್ಲಿ ಬರೆದರು. ಊರಿನವರೇ ಕಟ್ಟಿದರೆ ಒಂದು ಮನೆಗೆ ಸುಮಾರು 2,000 ಡಾಲರ್. ತಂಡ ಹೋಗಿ ಬರುವ ಖರ್ಚೆಲ್ಲ ಸೇರಿದರೆ ಸುಮಾರು 30,000. ಮನೆಯನ್ನು ಯಾರು ಕಟ್ಟಿದರು ಅನ್ನೋದರಿಂದ ಆ ಕುಟುಂಬಗಳ ಬದುಕಿನಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ಅಂಕಿಗಳನ್ನು ನಾನು ಸಭೆಯ ಕಮಿಟಿಯಲ್ಲಿ ಓದಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಅತ್ತ ಹುಡುಗಿಯ ಅಪ್ಪ ಕೇಳಿದರು: "ನನ್ನ ಮಗಳು ಹೋಗದಿದ್ದರೆ ನಾನು ಆ ದುಡ್ಡನ್ನು ಕೀನ್ಯಾಕ್ಕೆ ಕಳಿಸುತ್ತಿದ್ದೆನಾ? ಇಲ್ಲ. ನೀವ್ಯಾರೂ ಕಳಿಸುತ್ತಿರಲಿಲ್ಲ." ಒಪ್ಪಬೇಕಾದ ಮಾತು. ಟ್ರಿಪ್ಪಿನ ಖರ್ಚು ಉಳಿಸಿ ದಾನ ಕೊಡಿ ಅನ್ನುವವರು ಈ ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ. ಹಾಗಂತ ಹೋಗಿ ಬಂದವರು ಮುಂದೆ ಜಾಸ್ತಿ ಕೊಡುತ್ತಾರೆ ಅನ್ನೋದೂ ಬರೀ ನಂಬಿಕೆ. ವರ್ ಬೀಕ್ ನೋಡಿದವರಲ್ಲಿ ಬಹುಪಾಲು ಜನರ ಕೊಡುಗೆಯಲ್ಲಿ ದೊಡ್ಡ ಬದಲಾವಣೆ ಇರಲಿಲ್ಲ. ನಮ್ಮ ಕಾಣಿಕೆ ಪುಸ್ತಕವೂ ಬೇರೆ ಏನನ್ನೂ ಹೇಳುತ್ತಿಲ್ಲ. ನಾನೇ ಬರೆಯೋದಲ್ವಾ, ಗೊತ್ತು.

ಮೂರು ಮೀಟಿಂಗ್ ಆಯಿತು. ಕೊನೆಗೆ ನಿಂತ ಲೆಕ್ಕ ಇಷ್ಟು: ಮುಂದಿನ ವರ್ಷ ಹನ್ನೆರಡಲ್ಲ, ನಾಲ್ಕು ಜನ. ಇಬ್ಬರು ಟೀಚರ್‌ಗಳು, ನರ್ಸ್, ಯುವಕರಲ್ಲಿ ಒಬ್ಬರು. ಯಾವಾಗ ಬರಬೇಕು, ಏನು ಮಾಡಬೇಕು ಅನ್ನೋದನ್ನು ಹೆಡ್‌ಮೇಡಂ ಬರೆದು ಕಳಿಸಬೇಕು, ಪಕ್ಕದ ಎರಡು ಶಾಲೆಯ ಹೆಡ್‌ಮಾಸ್ಟರ್‌ಗಳೂ ಅದಕ್ಕೆ ಸಹಿ ಹಾಕಬೇಕು. ಆ ಸಹಿಯ ಷರತ್ತು ನಾನು ಸೇರಿಸಿದ್ದು. ಯೂತ್ ಗ್ರೂಪಿನವರಿಗೆ ಬೇಜಾರಾಗಿದೆ. ಇಬ್ಬರು ಬೇರೆ ಚರ್ಚಿನ ಟ್ರಿಪ್ಪಿಗೆ ಹೆಸರು ಕೊಟ್ಟಿದ್ದಾರೆ. ಉಳಿದ ದುಡ್ಡಿನಲ್ಲಿ ಏನು ಮಾಡೋದು ಅಂತ ಇನ್ನೂ ಒಮ್ಮತವಿಲ್ಲ. ಪೋಷಕರ ದುಡ್ಡಿನಲ್ಲಿ ನಡೆಯುವ ಒಬ್ಬ ಹೆಚ್ಚುವರಿ ಟೀಚರ್‌ಗೆ ಸಂಬಳ ಕೊಡೋಣ ಅಂತ ಕೆಲವರು. ಒಂದು ವರ್ಷ ಕೊಟ್ಟು ನಿಲ್ಲಿಸಿದರೆ ಆ ಟೀಚರ್ ಗತಿ ಏನು ಅಂತ ಇನ್ನು ಕೆಲವರು. ನಾನು ಎರಡನೇ ಗುಂಪಿನವನು. ಐದು ವರ್ಷಕ್ಕೆ ಮಾತು ಕೊಡೋಕಾದರೆ ಮಾತ್ರ ಶುರು ಮಾಡಬೇಕು ಅಂತ ನನ್ನ ಹಟ.

ಸೆಪ್ಟೆಂಬರ್‌ನಲ್ಲಿ ಹೆಡ್‌ಮೇಡಂ ವಾಟ್ಸ್ಆ್ಯಪ್‌ನಲ್ಲಿ ಮೂರು ಹಾಳೆಯ ಫೋಟೊ ಕಳಿಸಿದರು. ಕಿಟ್ ಹಂಚಿದ ಪಟ್ಟಿ. ಮೂರು ಶಾಲೆ, ಪ್ರತಿ ಮಗುವಿನ ಹೆಸರು, ಕ್ಲಾಸು, ತಗೊಂಡ ತಂದೆ ತಾಯಿಯ ಸಹಿ ಅಥವಾ ಹೆಬ್ಬೆಟ್ಟು. ಕಿಟ್‌ಗಳನ್ನು ಬಿಚ್ಚಿ ಪೆನ್ಸಿಲ್, ನೋಟ್‌ಬುಕ್ ಬೇರೆ ಬೇರೆ ಮಾಡಿ ಎಲ್ಲರಿಗೂ ಬರುವ ಹಾಗೆ ಹಂಚಿದ್ದರು. ಕ್ರೇಯಾನ್ ಮಾತ್ರ ಚಿಕ್ಕ ಕ್ಲಾಸಿಗೆ. ನಾನು ಕೂಡಿ ನೋಡಿದೆ, ಒಂದೇ ಒಂದು ಪೆನ್ಸಿಲ್ಲಿಗೂ ಲೆಕ್ಕ ತಪ್ಪಿಲ್ಲ. ಮೂರನೇ ಹಾಳೆ ಆ ಕೋಟಿನ ಹೆಡ್‌ಮಾಸ್ಟರ್ ಶಾಲೆಯದು. ಕೆಳಗೆ ಸೀಲು, ಅದರ ಪಕ್ಕ ಅವರ ಕೈಬರಹದಲ್ಲಿ ಒಂದು ಸಾಲು.

'ಪೆನ್ಸಿಲ್ ಚೆನ್ನಾಗಿದೆ. ಬಲೂನು ಕಳಿಸಬೇಡಿ.'